ಆರು ಭಾಷೆಯ ಮುನ್ಶಿ, ಒಂದೇ ಮಾತಿನ ತಾಯಿ

ಮಾದಿಹಾಳದಲ್ಲಿ ಪಿಂಜಾರರ ಓಣಿ ಮುಗಿದು ಹತ್ತಿಯ ಹೊಲಗಳು ಶುರುವಾಗುವ ಕಡೆ, ಮಣ್ಣುಗೋಡೆಯ ಒಂದು ಅಂಗಳದಲ್ಲಿ, ಮಾತೋಶ್ರೀ ತಿಪ್ಪವ್ವತಾಯಿಯವರು ಮೂವತ್ತು ವರ್ಷ ಜೋಳ ಬೀಸಿದರು. ಅವರಿಗೆ ಮಠವಿರಲಿಲ್ಲ, ಗದ್ದಿಗೆಯಿರಲಿಲ್ಲ. ಪಾದ ತೊಳೆಯಲು ಬಂದವರನ್ನು ‘ನಿನ್ನ ಕಾಲು ನೀ ತೊಳಕೋ, ಧೂಳಾಗೇದ’ ಎಂದು ಕಳಿಸಿಬಿಡುತ್ತಿದ್ದರು. ಇದ್ದದ್ದು ಮೂರು ಬೀಸುಕಲ್ಲು, ಎರಡು ಮೊರ, ಒಂದು ಒಲೆ. ಹಾದಿಹೋಕರು ಯಾರೇ ಬರಲಿ, ಬಿಸಿ ರೊಟ್ಟಿ ಕೊಡುವುದೇ ಅವರ ಪೂಜೆಯಾಗಿತ್ತು.

ಈಚೆಗೆ ಕೆಲವರು ತಾಯಿಯವರ ಚರಿತ್ರೆ ಬರೆದು ಹಂಚುತ್ತಿದ್ದಾರೆ. ಅವರಿಗೆ ಹದಿನೆಂಟು ಭಾಷೆಗಳು ತಾವಾಗಿಯೇ ಸಿದ್ಧಿಸಿದ್ದವಂತೆ, ಪಕ್ಷಿಗಳ ಮಾತೂ ತಿಳಿಯುತ್ತಿತ್ತಂತೆ. ಇದು ಶುದ್ಧ ಸುಳ್ಳು. ಬಡವರ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು ಬರೀ ಕನ್ನಡದಲ್ಲಿ ದೊಡ್ಡವಳಾದಳೆಂದರೆ ಈ ಮಹನೀಯರಿಗೆ ಅವಮಾನವಾಗುತ್ತದೆ, ಅದಕ್ಕೇ ಪವಾಡದ ಜರಿಸೀರೆ ಉಡಿಸುತ್ತಾರೆ. ತಾಯಿಯವರಿಗೆ ಬರುತ್ತಿದ್ದದ್ದು ಒಂದೇ ಭಾಷೆ. ಅದೂ ಮಾದಿಹಾಳದ ಸುತ್ತಿನ ಹತ್ತು ಹರದಾರಿಯ ಕನ್ನಡ. ಓದು ಬರಹ ಬರುತ್ತಿರಲಿಲ್ಲ. ಈ ಪ್ರಸಂಗ ನಡೆದದ್ದೇ ಅವರಿಗೆ ಇನ್ನೊಂದು ಭಾಷೆ ಬಾರದ್ದರಿಂದ. ಬಂದಿದ್ದರೆ ಒಂದು ಮನೆ ಮುಳುಗಿಹೋಗುತ್ತಿತ್ತು.

ತಾಯಿಯವರ ಅಂಗಳದಲ್ಲಿ ಒಂದು ಕಟ್ಟಳೆಯಿತ್ತು. ದುಃಖ ಹೇಳಿಕೊಳ್ಳಲು ಬಂದವರು ಕಾಯಿ ಕರ್ಪೂರ ತರಬೇಕಾಗಿರಲಿಲ್ಲ. ಅವರೆದುರು ಕಾಲು ಚಾಚಿ ಕುಳಿತು, ಅವರು ಹಿಡಿದ ಕಲ್ಲಿನ ಗೂಟವನ್ನೇ ತಾವೂ ಹಿಡಿದು, ಒಂದು ಮೊರ ಜೋಳ ಬೀಸಬೇಕಾಗಿತ್ತು. ಬೀಸುತ್ತ ಏನು ಬೇಕಾದರೂ ಹೇಳಬಹುದಿತ್ತು. ನಮ್ಮ ಹೆಣ್ಣುಮಕ್ಕಳು ಹಿಂದಿನಿಂದಲೂ ಬೀಸುಕಲ್ಲಿಗೇ ತಮ್ಮ ಗೋಳು ಹೇಳಿಕೊಂಡು ಬಂದವರು. ಇಲ್ಲಿ ಕಲ್ಲಿನ ಜೊತೆಗೆ ಎರಡು ಕಿವಿಯೂ ಸಿಗುತ್ತಿದ್ದವು, ಅಷ್ಟೇ. ಮರಾಠಿ ಸೀಮೆಯ ಹತ್ತಿ ಗಾಡಿಯವರು ಮರಾಠಿಯಲ್ಲಿ ಹೇಳುತ್ತಿದ್ದರು, ಪಿಂಜಾರರ ಹೆಂಗಸರು ಉರ್ದುವಿನಲ್ಲಿ ಹೇಳುತ್ತಿದ್ದರು. ತಾಯಿಯವರು ಒಂದಕ್ಷರ ತಿಳಿಯದೆ ‘ಹ್ಞೂಂ’ ಎನ್ನುತ್ತ ಕಲ್ಲು ತಿರುಗಿಸುತ್ತಿದ್ದರು. ಗಂಡಸರಿಗೂ ಇದೇ ಕಟ್ಟಳೆ. ಗಂಡಸು ಗೂಟ ಹಿಡಿಯುವುದೇ ಎಂದು ನಾಚಿ ಅಗಸೆಬಾಗಿಲಿನಿಂದಲೇ ಹಿಂತಿರುಗಿದವರು ಎಷ್ಟೋ ಜನ. ಅಂಥವರನ್ನು ತಾಯಿಯವರು ಕೂಗಿ ಕರೆದವರಲ್ಲ.

ಅದು ನಿಜಾಮರ ಕಾಲ. ಕಚೇರಿಯಲ್ಲಿ ಉರ್ದು ಬಿಟ್ಟರೆ ಬೇರೆ ಮಾತಿಲ್ಲ. ಕನ್ನಡ ಒಂದೇ ಬಲ್ಲವನು ಅಲ್ಲಿ ಬಾಯಿದ್ದೂ ಮೂಗ. ಅಂಥವರ ಬಾಯಿಯಾಗಿ ಆ ಕಚೇರಿಯಲ್ಲಿ ಕುಳಿತಿದ್ದವನು ಮುನ್ಶಿ ವಿರೂಪಾಕ್ಷಯ್ಯ. ಕನ್ನಡ, ತೆಲುಗು, ಮರಾಠಿ, ಉರ್ದು, ಫಾರಸಿ, ಸಂಸ್ಕೃತ, ಹೀಗೆ ಆರು ಭಾಷೆ ಬಲ್ಲವನು. ಬಿಳಿ ರುಮಾಲು, ಕಿವಿಯ ಮೇಲೆ ಲೇಖನಿ. ಅವನು ನಡೆದು ಬಂದರೆ ಕಟ್ಟೆಯ ಮೇಲೆ ಕುಳಿತವರು ಎದ್ದು ನಿಲ್ಲುತ್ತಿದ್ದರು.

ಅವನ ಕೆಲಸದ ರೀತಿ ಹೇಗಿತ್ತು ಎಂಬುದನ್ನು ಹೇಳಲೇಬೇಕು. ಒಬ್ಬ ವಿಧವೆ ಬಂದು ಸೆರಗು ಒಡ್ಡಿ, ಭಾವಮೈದುನ ಬದು ಒತ್ತಿದ್ದು, ಎತ್ತು ಬಿಚ್ಚಿಕೊಂಡು ಹೋದದ್ದು, ಕೇಳಲು ಹೋದರೆ ಕೂದಲು ಹಿಡಿದು ಎಳೆದದ್ದು, ಎಲ್ಲವನ್ನೂ ಅರ್ಧ ತಾಸು ಅತ್ತು ಹೇಳುತ್ತಿದ್ದಳು. ತಹಸೀಲ್ದಾರರು ಆಕಳಿಸಿ, ‘ಖುಲಾಸಾ ಹೇಳಿ, ಮುನ್ಶೀಜಿ’ ಎನ್ನುತ್ತಿದ್ದರು. ಖುಲಾಸಾ ಎಂದರೆ ಚುಟುಕಾಗಿ ಸಾರಾಂಶ. ವಿರೂಪಾಕ್ಷಯ್ಯ ಉರ್ದುವಿನಲ್ಲಿ, ‘ಬದುವಿನ ತಕರಾರು, ಹುಜೂರ್’ ಎಂದು ಮುಗಿಸುತ್ತಿದ್ದ. ಅರ್ಧ ತಾಸಿನ ಕಣ್ಣೀರು ಮೂರು ಮಾತಾಗುತ್ತಿತ್ತು. ಇವನಷ್ಟು ಚೊಕ್ಕಟವಾಗಿ ಖುಲಾಸೆ ಮಾಡುವವನು ಸುತ್ತ ನಾಲ್ಕು ತಾಲೂಕಿನಲ್ಲಿ ಇಲ್ಲವೆಂದು ತಹಸೀಲ್ದಾರರು ಹೊಗಳುತ್ತಿದ್ದರು. ಆ ವಿಧವೆಯೋ, ತನ್ನ ಮಾತೆಲ್ಲ ಸಾಹೇಬರಿಗೆ ಮುಟ್ಟಿತೆಂದುಕೊಂಡು ಮುನ್ಶಿಯ ಕಾಲಿಗೆ ಬಿದ್ದು ಹೋಗುತ್ತಿದ್ದಳು. ಒಂದೇ ಭಾಷೆ ಬಲ್ಲವರ ಬಾಳು ಇದೇ. ತಮ್ಮ ಮಾತು ಎಲ್ಲಿ ಕತ್ತರಿಸಿಹೋಯಿತೆಂಬುದೂ ಅವರಿಗೆ ತಿಳಿಯುವುದಿಲ್ಲ.

ಅವನ ಹೆಂಡತಿ ಭ್ರಮರಾಂಬಮ್ಮ ಪಾಲಮೂರು ಸೀಮೆಯವಳು. ತೆಲುಗು ಬಿಟ್ಟರೆ ಬೇರೆ ಭಾಷೆ ಅರಿಯಳು. ಮದುವೆಯಾಗಿ ಏಳು ವರ್ಷವಾದರೂ ಅವಳಿಗೆ ಕನ್ನಡ ಬಂದಿರಲಿಲ್ಲ, ಏಕೆಂದರೆ ಗಂಡ ಬರಗೊಡಲಿಲ್ಲ. ‘ನಾನಿಲ್ಲವೇ?’ ಎನ್ನುತ್ತಿದ್ದ. ನೆರೆಯವಳು ಉಪ್ಪು ಕೇಳಿದರೂ ಅವನೇ ನಡುವೆ ನಿಂತು ತೆಲುಗಿಗೆ ತರುತ್ತಿದ್ದ. ಇವಳು ನಕ್ಕು ಏನಾದರೂ ಅಂದರೆ ಅವನೇ ಕನ್ನಡಕ್ಕೆ ಒಯ್ಯುತ್ತಿದ್ದ. ಮಾದಿಹಾಳದಲ್ಲಿ ಅವಳ ಮಾತು ತಿಳಿಯುವ ಜೀವ ಅವನೊಬ್ಬನೇ. ಅವಳಿಗೆ ಇಡೀ ಊರು ತನ್ನ ಬಾಯಿಂದಲೇ ಸಿಗುತ್ತದೆಂಬುದು ಅವನಿಗೆ ಒಳಗೊಳಗೇ ಸುಖ ಕೊಡುತ್ತಿತ್ತು. ಇದನ್ನು ಅವನು ಪ್ರೀತಿ ಎಂದು ತಿಳಿದಿದ್ದ.

ಅವರಿಗೊಬ್ಬಳು ಮಗಳು, ಗೌರಿ. ನಾಲ್ಕು ತುಂಬಿದ ಮೇಲೆ ಮಗುವಿಗೆ ಜ್ವರ ಬಂತು. ಹಕೀಮರನ್ನು ಕರೆಸಿದರು. ಹಕೀಮರು ಉರ್ದುವಿನಲ್ಲಿ ಹೇಳಿದ್ದನ್ನು ವಿರೂಪಾಕ್ಷಯ್ಯ ಹೆಂಡತಿಗೆ ತೆಲುಗಿನಲ್ಲಿ ತಿಳಿಸಿ ಕಚೇರಿಗೆ ಹೋದ: ಮಗುವಿಗೆ ನೀರು ಕೊಡಕೂಡದು. ಎರಡು ದಿನ ಮಗು ನೀರು ಕೇಳಿತು. ಎರಡು ದಿನ ತಾಯಿ ಕೊಡಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ಮಗು ಕೇಳುವುದನ್ನು ಬಿಟ್ಟಿತು.

ಮಣ್ಣು ಮಾಡಿದ ಮೂರನೆಯ ದಿನ ಓಣಿಯ ಹೆಂಗಸರು ಬಂದು ಕುಳಿತರು. ಭ್ರಮರಾಂಬಮ್ಮ ಗೋಡೆಗೆ ಒರಗಿ, ಎದೆ ಎದೆ ಬಡಿದುಕೊಂಡು ತೆಲುಗಿನಲ್ಲಿ ಅಳುತ್ತಿದ್ದಳು. ಯಾರಿಗೂ ಒಂದು ಮಾತೂ ತಿಳಿಯದು. ಒಬ್ಬ ಮುದುಕಿ ಕೇಳಿದಳು:

“ಏನಂತಾಳ್ರೀ ಅಯ್ಯಾವರ, ಕೂಸಿನ ತಾಯಿ?”

ವಿರೂಪಾಕ್ಷಯ್ಯನೂ ಅಳುತ್ತಿದ್ದ. ಆದರೆ ಕೇಳಿದರೆ ಹೇಳುವುದು ಅವನ ರೂಢಿ. ಕಣ್ಣೊರೆಸಿಕೊಂಡು ಹೆಂಡತಿಯ ಎದುರಿಗೇ ಖುಲಾಸೆ ಮಾಡಿದ:

“ಕೂಸು ನೀರು ಬೇಡಿದ್ರೂ ಕೊಡಲಿಲ್ಲ ಅಂತಾಳವ್ವಾ.”

ಅಷ್ಟೇ. ಹಕೀಮರ ಮಾತಿಲ್ಲ, ಗಂಡನ ಮಾತಿಲ್ಲ. ಹೆಂಗಸರ ಮುಖಗಳು ಬದಲಾದವು. ಒಬ್ಬಳು ಸೆರಗು ಬಾಯಿಗಿಟ್ಟುಕೊಂಡಳು, ಇನ್ನೊಬ್ಬಳು ಎದ್ದೇಹೋದಳು. ಭ್ರಮರಾಂಬಮ್ಮನಿಗೆ ಕನ್ನಡ ಬಾರದು, ಆದರೆ ಮುಖ ಓದಲು ಭಾಷೆ ಬೇಕಿಲ್ಲ. ಅಳು ನಿಲ್ಲಿಸಿ ಗಂಡನ ಕಡೆ ನೋಡಿದಳು. ತನ್ನ ಎದೆಯೊಳಗಿನದು ಇವನ ಬಾಯಿಂದ ಊರಿಗೆ ಹೋಯಿತೆಂದು ಅವಳಿಗೆ ತಿಳಿಯಿತು. ಸಂಜೆಯೊಳಗೆ ಬಾವಿಕಟ್ಟೆಯಲ್ಲಿ ಅವಳಿಗೆ ಹೆಸರು ಬಿದ್ದಿತ್ತು: ನೀರು ಕೊಡದ ತಾಯಿ.

ಆ ದಿನದಿಂದ ಅವಳು ಗಂಡನೊಂದಿಗೆ ಮಾತಾಡಲಿಲ್ಲ. ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕರೆದರೆ ಬಂದು ನಿಲ್ಲುತ್ತಿದ್ದಳು. ಮಾತು ಮಾತ್ರ ಇಲ್ಲ. ವಿರೂಪಾಕ್ಷಯ್ಯ ತೆಲುಗಿನ ಪದ್ಯ ಹೇಳಿ ನೋಡಿದ. ಪಾಲಮೂರಿನಿಂದ ಅವಳ ತವರಿನ ಬೆಲ್ಲದುಂಡೆ ತರಿಸಿದ. ಗದರಿದ. ಒಂದು ಸಲ ಕೈಯನ್ನೂ ಎತ್ತಿದ. ಹತ್ತು ತಿಂಗಳು ಹೋದವು.

ಹೀಗಿರುವಾಗ ಒಂದು ಮಧ್ಯಾಹ್ನ ಅವಳ ಮುಂಗೂದಲಿನಲ್ಲಿ ಹಿಟ್ಟು ಕಂಡ. ಮನೆಯಲ್ಲಿ ಬೀಸಿರಲಿಲ್ಲ. ಮರುದಿನವೂ ಹಿಟ್ಟು. ಮೂರನೆಯ ದಿನ ಅಂಗೈಯಲ್ಲಿ ಬೊಬ್ಬೆ. ಕಚೇರಿಯ ಜವಾನನನ್ನು ವಿಚಾರಿಸಿದ. ಅವನು ತಲೆ ಕೆರೆದುಕೊಂಡು, “ಅಮ್ಮಾವರು ತಿಪ್ಪವ್ವನ ಅಂಗಳಕ್ಕ ಹೋಗ್ತಾರ್ರೀ ಸಾಹೇಬ್ರ,” ಎಂದ. “ಮಾತು ಏನ್ ಮಾತು ಅಂತೀರಿ! ಗೂಟ ಹಿಡಿದ್ರ ಬಾಯಿ ನಿಲ್ಲೂದಿಲ್ಲ.”

“ಯಾರ ಕೂಡ ಮಾತು?”

“ತಿಪ್ಪವ್ವತಾಯಿ ಕೂಡ್ರೀ. ತೆಲುಗಿನ್ಯಾಗ.”

“ತಿಪ್ಪವ್ವಗ ತೆಲುಗು ಎಲ್ಲಿ ಬರ್ತದೋ?”

“ಬರೂದಿಲ್ರಿ,” ಎಂದ ಜವಾನ. ಅದರಲ್ಲೇನು ಅಚ್ಚರಿ ಎಂಬಂತೆ.

ಪರಗಂಡಸಿನ ಮೇಲೆ ಅನುಮಾನ ಬಂದರೆ ಜನ ಏನು ಮಾಡುತ್ತಾರೆಂದು ವಿರೂಪಾಕ್ಷಯ್ಯನಿಗೆ ಗೊತ್ತಿತ್ತು; ಬದುವಿನ ತಕರಾರಿನಷ್ಟೇ ಅಂಥ ಮೊಕದ್ದಮೆಗಳನ್ನೂ ಅವನು ಖುಲಾಸೆ ಮಾಡಿದ್ದ. ಆದರೆ ಇದು ಯಾವ ಜಾತಿಯ ಮತ್ಸರ? ಎದುರಿಗಿರುವುದು ಹಲ್ಲುದುರಿದ ಮುದುಕಿ. ಓಲೆ ಓದಲಾರಳು, ಸಹಿ ಮಾಡಲಾರಳು. ಆರು ಭಾಷೆ ಬಲ್ಲ ತನ್ನೆದುರು ತುಟಿ ಬಿಚ್ಚದವಳು ಆ ಒಂದು ಭಾಷೆಯವಳ ಮುಂದೆ ಬಾಯಿ ತುಂಬ ಮಾತಾಡುತ್ತಾಳೆ. ಅದೂ ತೆಲುಗಿನಲ್ಲಿ, ಈ ಊರಿನಲ್ಲಿ ತನ್ನೊಬ್ಬನಿಗೇ ಸೇರಿದ ತೆಲುಗಿನಲ್ಲಿ.

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಹೆಂಡತಿ ಹೊಸ್ತಿಲು ದಾಟುವ ಹೊತ್ತು, ಬರುವ ಹೊತ್ತು ನೋಡತೊಡಗಿದ. ಅವಳ ಬೊಬ್ಬೆ ಒಣಗಿ ಗಟ್ಟಿಯಾದದ್ದನ್ನು ಕಂಡು, ಓಹೋ ರೂಢಿಯಾಯಿತೋ ಎಂದು ಹಲ್ಲು ಕಡಿದ. ಕಚೇರಿಯಲ್ಲಿ ತಿಪ್ಪವ್ವತಾಯಿಯವರನ್ನು ಆಡಿಕೊಂಡ. ‘ಒಂದೇ ಕಾಲಿನ ಕುದುರೆಗೆ ಎಷ್ಟು ಜನ ಸವಾರರು ನೋಡಿ’ ಎಂದು ಉರ್ದುವಿನಲ್ಲಿ ಹಾಸ್ಯ ಮಾಡಿದ. ಗುಮಾಸ್ತರು ನಕ್ಕರು. ಅವರಲ್ಲೊಬ್ಬನು ತಿಪ್ಪವ್ವತಾಯಿಯವರ ಅಂಗಳದಿಂದ ಆ ಬೆಳಿಗ್ಗೆಯೇ ರೊಟ್ಟಿ ಕಟ್ಟಿಕೊಂಡು ಬಂದಿದ್ದ; ಅವನು ಮಾತ್ರ ನಗಲಿಲ್ಲ. ಅದೂ ವಿರೂಪಾಕ್ಷಯ್ಯನಿಗೆ ಚುಚ್ಚಿತು. ತನ್ನೆದುರು ಜನ ಏಳುವುದು ರುಮಾಲಿಗೆ. ಆ ಮುದುಕಿಯೆದುರು ಜನ ಕೂಡುತ್ತಾರೆ, ಕಾಲು ಚಾಚಿ ಕೂಡುತ್ತಾರೆ. ಯಾವುದು ದೊಡ್ಡದೆಂದು ಅವನಿಗೆ ಗೊತ್ತಿತ್ತು, ಅದಕ್ಕೇ ಉರಿ.

ಒಂದು ದಿನ ತಡೆಯಲಾರದೆ ಪಿಂಜಾರರ ಓಣಿಯ ಹಿಂದಿನಿಂದ ಹೋಗಿ ಅಂಗಳದ ಗೋಡೆಯ ಹೊರಗೆ ನಿಂತ. ಕದ್ದು ಕೇಳಿದರೆ ಎಲ್ಲ ತಿಳಿಯುವ ಮನುಷ್ಯ ಊರಲ್ಲಿ ತಾನೊಬ್ಬನೇ ಅಲ್ಲವೇ? ಆದರೆ ಮೂರು ಕಲ್ಲುಗಳು ಒಟ್ಟಿಗೆ ಗುಡುಗುತ್ತಿದ್ದವು. ಮಾತು ಒಂದೂ ಬಿಡಿಯಾಗಿ ಬರಲಿಲ್ಲ. ಹೆಂಡತಿಯ ದನಿ ಮಾತ್ರ ಏರುತ್ತ ಇಳಿಯುತ್ತ ಬರುತ್ತಿತ್ತು. ಹತ್ತು ತಿಂಗಳಿಂದ ಕೇಳದ ದನಿ. ನಡುವೆ, ದೇವರೇ, ಅವಳು ನಕ್ಕಳು. ತಿಪ್ಪವ್ವತಾಯಿಯವರೂ ನಕ್ಕರು. ಏನು ಹೇಳಿದಳು? ತಿಳಿಯದ ಮಾತಿಗೆ ಆ ಮುದುಕಿ ನಕ್ಕದ್ದು ಯಾಕೆ? ಗೋಡೆಗೆ ಹಣೆ ಒತ್ತಿ ನಿಂತ ವಿರೂಪಾಕ್ಷಯ್ಯನಿಗೆ, ಹೆಂಡತಿ ಅತ್ತಿದ್ದರೆ ತಡೆದುಕೊಳ್ಳಬಹುದಿತ್ತು, ನಗುವನ್ನು ತಡೆದುಕೊಳ್ಳಲಾಗಲಿಲ್ಲ.

ಸೋಮವಾರ ಕಚೇರಿಗೆ ರಜೆ ಹಾಕಿ, ರುಮಾಲು ಸುತ್ತಿ, ನೇರ ಅಂಗಳಕ್ಕೆ ನಡೆದ. ಅವನು ಒಂದು ಲೆಕ್ಕ ಹಾಕಿಕೊಂಡಿದ್ದ. ಅವಳ ಮಾತು ಮುದುಕಿಗೆ ತಿಳಿಯದು, ಮುದುಕಿಯ ಮಾತು ಅವಳಿಗೆ ತಿಳಿಯದು. ನಡುವೆ ತಾನು ನಿಂತರೆ ಇಬ್ಬರಿಗೂ ತಾನಿಲ್ಲದೆ ನಡೆಯದು. ಮತ್ತೆ ಎಲ್ಲವೂ ತನ್ನ ಬಾಯಿಂದಲೇ ಹೋಗಿ ಬರುತ್ತದೆ.

ಅಂಗಳದಲ್ಲಿ ಹತ್ತು ಹದಿನೈದು ಜನರಿದ್ದರು. ನಡುವಿನ ಕಲ್ಲಿನಲ್ಲಿ ತಾಯಿಯವರು, ಅವರೆದುರು ಭ್ರಮರಾಂಬಮ್ಮ. ಮುನ್ಶಿಯನ್ನು ಕಂಡು ಜನ ಏಳಹೋದರು. ಪಿಂಜಾರರ ಹುಸೇನಬಿ ಮಾತ್ರ ಎದ್ದೇಳದೆ ಕೂತಲ್ಲಿಂದಲೇ ಅಂದಳು:

“ಬರ್ರೀ ಮುನ್ಶೀಜಿ. ಲೇಖನಿ ಹಿಡಿಯೋ ಕೈ ಇಂದು ಗೂಟ ಹಿಡಿತದೇನು? ಮಳಿ ಬರ್ತದ ಹಂಗಾದ್ರ!”

ಜನ ನಕ್ಕರು. ಭ್ರಮರಾಂಬಮ್ಮ ತಲೆಯೆತ್ತಿ ನೋಡಿದಳು. ಅವಳ ಬಾಯಿ ಮುಚ್ಚಿತು, ಕೈ ನಿಂತಿತು. ವಿರೂಪಾಕ್ಷಯ್ಯ ಹುಸೇನಬಿಯ ಕಡೆ ಲಕ್ಷ್ಯ ಕೊಡದೆ ತಾಯಿಯವರ ಮುಂದೆ ನಿಂತು ಕೇಳಿದ:

“ಈಕಿ ನನ್ನ ಹೆಂಡತಿ. ನಿಮ್ಮ ಮುಂದ ದಿನಾ ಏನ್ ಹೇಳ್ತಾಳ?”

“ನನಗೇನ್ ಗೊತ್ತೋ ತಮ್ಮಾ,” ಎಂದರು ತಾಯಿಯವರು. “ಅಕಿ ಮಾತು ನನಗ ಬರೂದಿಲ್ಲ.”

“ತಿಳೀದ್ದಕ್ಕ ಹ್ಞೂಂ ಹ್ಞೂಂ ಅಂತ ಯಾಕ ಗೋಣು ಹಾಕ್ತೀರಿ? ಇದು ಮೋಸ ಅಲ್ಲೇನು?”

“ಅಕಿ ಹೇಳ್ತಾಳ, ನಾ ಕೇಳ್ತೀನಿ. ಅದರಾಗ ಮೋಸ ಎಲ್ಲಿ ಬಂತು?”

ವಿರೂಪಾಕ್ಷಯ್ಯ ಇದಕ್ಕೇ ಕಾದಿದ್ದ. “ಇನ್ನ ಆ ತ್ರಾಸ ಬ್ಯಾಡ,” ಎಂದು ಜನರೆಲ್ಲ ಕೇಳುವಂತೆ ದನಿ ಎತ್ತಿದ. “ನಾ ಇದ್ದೀನಿ. ಅಕಿ ಹೇಳ್ಲಿ, ನಾ ನಿಮಗ ಕನ್ನಡದಾಗ ಹೇಳ್ತೀನಿ. ಎಲ್ಲಾರಿಗೂ ತಿಳೀತದ.” ಹೆಂಡತಿಯ ಕಡೆ ತಿರುಗಿ ತೆಲುಗಿನಲ್ಲಿ ಆಜ್ಞೆ ಮಾಡಿದ: “ಚೆಪ್ಪು.” ಹೇಳು ಎಂದು.

ಮೂರನೆಯ ದಿನದ ಆ ಗೋಡೆ, ಆ ಹೆಂಗಸರು ಭ್ರಮರಾಂಬಮ್ಮನ ಕಣ್ಣ ಮುಂದೆ ಬಂದಿರಬೇಕು. ಗೂಟ ಬಿಟ್ಟು ಹಿಂದಕ್ಕೆ ಸರಿದಳು. ಓಡಿಹೋಗಲು ಬಾಗಿಲ ಕಡೆ ನೋಡಿದಳು. ಇದೊಂದು ಜಾಗ ಉಳಿದಿತ್ತು ಅವಳಿಗೆ, ಅದೂ ಹೋಗುವುದರಲ್ಲಿತ್ತು.

ತಾಯಿಯವರು ಕೈಯೆತ್ತಿದರು. ಅಂಗಳದ ಉಳಿದೆರಡು ಕಲ್ಲುಗಳೂ ನಿಂತವು.

“ಬ್ಯಾಡ,” ಎಂದರು. “ಅಕಿ ಮಾತು ನನಗ ತಿಳಿಯೂದೇ ಬ್ಯಾಡ. ನನ್ನ ಹಂತೇಕ ಇರೂದು ಒಂದೇ ಬಾಗಿಲು, ತಮ್ಮಾ. ಅಕಿ ತಂದು ಒಳಗಿಟ್ಟದ್ದು ನಾ ಹೊರಗ ಹಾಕಬೇಕಂದ್ರೂ ಆಗೂದಿಲ್ಲ. ನಿನ್ನ ಮನಿಗಿ ಆರು ಬಾಗಿಲ ಅವ. ಅಲ್ಲಿ ಏನಿಟ್ರ ನಿಂತೀತು?”

ತಾಯಿಯವರು ಮೊಣಕಾಲಿಗೆ ಕೈಯೂರಿ ಎದ್ದರು. ಅವರು ಯಾರಿಗಾಗಿಯೂ ತಮ್ಮ ಕಲ್ಲು ಬಿಟ್ಟು ಎದ್ದವರಲ್ಲವೆಂದು ಅಲ್ಲಿದ್ದವರಿಗೆ ಗೊತ್ತಿತ್ತು. ತಾವು ಕುಳಿತಿದ್ದ ಜಾಗ ತೋರಿಸಿ, “ಕುಂದ್ರು” ಎಂದರು.

“ನಾನೇ?”

“ಮತ್ಯಾರು? ಗೂಟ ಹಿಡಿ.”

ಊರಿನ ಜನರೆದುರು, ರುಮಾಲು ಕಟ್ಟಿದ ಮುನ್ಶಿ, ಹೆಂಡತಿಯ ಇದಿರು ಕಾಲು ಚಾಚಿ ಬೀಸಲು ಕೂಡಬೇಕು. ಅವನು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದ. ಆಗ ಅವನಿಗೆ ಅನ್ನಿಸಿದ್ದನ್ನು ಮುಂದೆ ಅವನೇ ಹೇಳಿದ್ದಾನೆ: ಹೊರಗೆ ಹೋದರೆ ಆ ಗೋಡೆಯಾಚೆ ನಿಂತು ಸಾಯುವ ತನಕ ಅವಳ ನಗು ಕೇಳುತ್ತಿರಬೇಕು. ತಿರುಗಿ ಬಂದ. ಕುಳಿತ. ಗೂಟ ಹಿಡಿದ. ಹುಸೇನಬಿಯೂ ಆಗ ನಗಲಿಲ್ಲ.

ತಾಯಿಯವರು ಭ್ರಮರಾಂಬಮ್ಮನ ಬೆನ್ನ ಮೇಲೆ ಕೈಯಿಟ್ಟರು, ಅಷ್ಟೇ. ಏನೂ ಹೇಳಲಿಲ್ಲ, ಹೇಳಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಅವಳು ತುಸು ಹೊತ್ತು ನೋಡಿ, ಗಂಡನ ಕೈಗೆ ತಾಕದಂತೆ ಗೂಟದ ತುದಿ ಹಿಡಿದಳು. ತಾಯಿಯವರು ಪಕ್ಕದಲ್ಲಿ ಕುಳಿತು ಒಂದು ಹಿಡಿ ಜೋಳ ಹಾಕಿದರು.

“ಈಗ ಹೇಳು,” ಎಂದರು. “ಅಕಿದಲ್ಲ. ನಿಂದು.”

ವಿರೂಪಾಕ್ಷಯ್ಯ ಕನ್ನಡದಲ್ಲಿ ಶುರು ಮಾಡಿದ. “ತಾಯೀ, ನಾನು...”

“ನನಗಲ್ಲೋ. ಅಕಿ ಮಾತಿನ್ಯಾಗ ಹೇಳು. ನನಗ ತಿಳೀಬಾರದು.”

ಆ ಅಂಗಳದಲ್ಲಿ ತೆಲುಗು ಬಲ್ಲವರು ಅವರಿಬ್ಬರೇ. ಜನರ ನಡುವೆ ಕುಳಿತೂ ಅವರು ಬೇರೊಂದು ಕೋಣೆಯಲ್ಲಿದ್ದಂತೆ ಆಯಿತು. ವಿರೂಪಾಕ್ಷಯ್ಯ ನಾಲ್ಕು ಸುತ್ತು ಕಲ್ಲು ತಿರುಗಿಸಿ, ಕೊನೆಗೆ, ಅದುಮಿ ಇಟ್ಟುಕೊಂಡಿದ್ದನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ: ತಪ್ಪು ನನ್ನದು, ಹಕೀಮರು ನೀರು ಪೂರಾ ಬೇಡ ಅಂದಿರಲಿಲ್ಲ.

ಭ್ರಮರಾಂಬಮ್ಮನ ಕೈ ನಿಂತಿತು. ಆ ಕಲ್ಲು ಇಬ್ಬರು ತಿರುಗಿಸುವ ಕಲ್ಲು. ಬರೆದು ಬರೆದು ಮೆತ್ತಗಾದ ಅವನ ಕೈಗೆ ಒಂಟಿಯಾಗಿ ಅದು ಅಲುಗಲಿಲ್ಲ. ಅವಳ ಮುಖ ನೋಡಿದ. ಖುಲಾಸೆ ಕೇಳಿದವಳ ಮುಖವಾಗಿರಲಿಲ್ಲ ಅದು. ತಹಸೀಲ್ದಾರರಂತೆ ಆಕೆ ಎರಡು ಮಾತಿಗೆ ತೃಪ್ತಳಾಗುವವಳಲ್ಲ. ಅವನು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ಹಕೀಮರು ಅಂದು ಕಾಲು ತಾಸು ಹೇಳಿದ್ದರು. ತಣ್ಣೀರು ಬೇಡ. ನೀರನ್ನು ಕಾಯಿಸಿ, ಆರಿಸಿ, ಉಗುರುಬೆಚ್ಚಗೆ ಮಾಡಿ, ಚಮಚೆ ಚಮಚೆಯಾಗಿ, ಮಗು ಕೇಳಿದಾಗಲೆಲ್ಲ ನಾಲಿಗೆಗೆ ಹಾಕುತ್ತಿರಿ, ತುಟಿ ಒಣಗಗೊಡಬೇಡಿ. ಅಷ್ಟರಲ್ಲಿ ಕಚೇರಿಯ ಕರೆ ಬಂದಿತ್ತು. ಇವನು ಹೊಸ್ತಿಲಲ್ಲಿ ಜೋಡು ಮೆಟ್ಟುತ್ತ, ಕಾಲು ತಾಸಿನ ಮಾತನ್ನು ರೂಢಿಯಂತೆ ಕತ್ತರಿಸಿ, ‘ನೀರು ಕೊಡಕೂಡದಂತೆ’ ಎಂದು ಹೆಂಡತಿಗೆ ಹೇಳಿ ಹೋಗಿಬಿಟ್ಟಿದ್ದ. ಸಂಜೆ ಬಂದಾಗ ಮಗು ನೀರು ಕೇಳುತ್ತಿತ್ತು. ಆಗಲೂ ಅವನಿಗೆ ನೆನಪಾಗಲಿಲ್ಲ. ಮಣ್ಣು ಮಾಡಿ ಬಂದ ರಾತ್ರಿ ನೆನಪಾಯಿತು. ಅಂದಿನಿಂದ ನುಂಗಿಕೊಂಡಿದ್ದ. ಮೂರನೆಯ ದಿನ ಆ ಮುದುಕಿ ಕೇಳಿದಾಗ ಹಕೀಮರ ಹೆಸರನ್ನೂ ತನ್ನ ಹೆಸರನ್ನೂ ಬಿಟ್ಟು ಖುಲಾಸೆ ಮಾಡಿದ್ದು ಬರೀ ರೂಢಿಯಿಂದಲ್ಲ, ಅಂಜಿಕೆಯಿಂದ. ಹಾಗೆ ಅವನು ಹೇಳಿದ.

ಅವನು ಎಲ್ಲೆಲ್ಲಿ ಚುಟುಕು ಮಾಡಿದನೋ ಅಲ್ಲಲ್ಲಿ ಅವಳ ಕೈ ನಿಲ್ಲುತ್ತಿತ್ತು. ಅವನು ಮತ್ತೆ ಹಿಂದಕ್ಕೆ ಹೋಗಿ, ಬಿಟ್ಟದ್ದನ್ನು ಹೇಳಿದರೆ ಕಲ್ಲು ತಿರುಗುತ್ತಿತ್ತು. ಮಗು ಯಾವ ಮಾತಿನಲ್ಲಿ ನೀರು ಕೇಳಿತು, ಎಷ್ಟು ಸಲ ಕೇಳಿತು, ತಾನು ಆಗ ಯಾವ ಅರ್ಜಿ ಬರೆಯುತ್ತ ಕುಳಿತಿದ್ದ, ಎಲ್ಲವನ್ನೂ ಅವಳು ಹೇಳಿಸಿದಳು, ಬಾಯಿ ಬಿಡದೆ. ಒಂದು ಮೊರ ಮುಗಿಯಿತು. ತಾಯಿಯವರು ಇನ್ನೊಂದು ತಂದರು. ನೀರು ಕುಡಿದಿದ್ದರೆ ಮಗು ಬದುಕುತ್ತಿತ್ತೋ ಇಲ್ಲವೋ ದೇವರೇ ಬಲ್ಲ, ಆದರೆ ಕುಡಿದಾದರೂ ಹೋಗುತ್ತಿತ್ತು ಎಂದ.

ಆಗ ಭ್ರಮರಾಂಬಮ್ಮ ಎದ್ದಳು. ಹಿಟ್ಟಾದ ಕೈಯನ್ನು ಸೀರೆಗೆ ಒರೆಸಿಕೊಂಡು, ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ಜನರಿಗೆ ಏನೂ ತಿಳಿಯಲಿಲ್ಲ, ಆದರೆ ಒಬ್ಬರೂ ಕದಲಲಿಲ್ಲ. ಹುಸೇನಬಿ ಎದ್ದು ಅವಳ ಬಳಿ ಹೋಗಲು ಹೊರಟಳು. ತಾಯಿಯವರು ಸೆರಗು ಹಿಡಿದು ಕೂಡಿಸಿದರು. ವಿರೂಪಾಕ್ಷಯ್ಯ ಆ ಬೆನ್ನಿಗೇ ಹೇಳುತ್ತ ಹೋದ. ಅವನ ಮೂಗು ಸುರಿಯುತ್ತಿತ್ತು, ರುಮಾಲು ಜಾರಿ ಹಿಟ್ಟಿನೊಳಗೆ ಬಿದ್ದಿತ್ತು, ಎತ್ತಿಕೊಳ್ಳಲಿಲ್ಲ. ಕದ್ದು ಗೋಡೆಯಾಚೆ ನಿಂತದ್ದನ್ನು, ಅವಳ ನಗುವಿಗೆ ಹೊಟ್ಟೆ ಉರಿದದ್ದನ್ನು, ಈ ತಾಯಿಯ ಕಿವಿಗಳನ್ನು ಕಂಡರೆ ಕಿತ್ತುಹಾಕಬೇಕೆನಿಸಿದ್ದನ್ನೂ ಹೇಳಿದ. ಹೇಳುವುದೆಲ್ಲ ತೀರಿತು.

ಒಲೆಯ ಮೇಲಿನ ಹಂಚು ಕಾದು ಹೊಗೆಯಾಡಿತು. ತಾಯಿಯವರು ಎದ್ದು ರೊಟ್ಟಿ ಬಡಿಯತೊಡಗಿದರು. ಹಾದಿಹೋಕರು ಹಸಿದಿದ್ದರು, ಅವರನ್ನು ಕಾಯಿಸುವುದು ತಾಯಿಯವರ ಕ್ರಮವಲ್ಲ. ಆ ಸದ್ದಿಗೋ ಏನೋ, ಭ್ರಮರಾಂಬಮ್ಮ ತಿರುಗಿದಳು. ಬಂದು ಕಲ್ಲಿನ ಇದಿರು ಕುಳಿತಳು. ಗೂಟ ಹಿಡಿದಳು. ಈ ಸಲ ತುದಿಯನ್ನಲ್ಲ, ಗಂಡನ ಕೈಯ ಮೇಲೆಯೇ ಕೈಯಿಟ್ಟು ಹಿಡಿದಳು. ಹಿಡಿತ ಮೃದುವಾಗಿರಲಿಲ್ಲವೆಂದು ನೋಡಿದವರು ಹೇಳುತ್ತಾರೆ. ಅವನ ಬೆರಳುಗಳು ಬಿಳಿಚಿದವಂತೆ. ಕಲ್ಲು ತಿರುಗಿತು. ತಿರುಗುತ್ತ ತಿರುಗುತ್ತ ಅವಳು ಮಾತಾಡಿದಳು. ತುಂಬ ಹೊತ್ತು ಮಾತಾಡಿದಳು. ಕೆಲವು ಮಾತು ಸಿಟ್ಟಿನವು, ಅದು ದನಿಯಲ್ಲೇ ತಿಳಿಯುತ್ತಿತ್ತು. ಕೆಲವು ಎಂಥವೋ ತಿಳಿಯಲಿಲ್ಲ. ಅವನು ನಡುವೆ ಬಾಯಿ ಹಾಕಲಿಲ್ಲ. ‘ಹ್ಞೂಂ’ ಎಂದ. ಮತ್ತೆ ‘ಹ್ಞೂಂ’ ಎಂದ.

ತಾಯಿಯವರು ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ.

ಅದಾದ ಎಂಟನೆಯ ದಿನ ವಿರೂಪಾಕ್ಷಯ್ಯನವರು (ಇನ್ನು ಅವರನ್ನು ಏಕವಚನದಲ್ಲಿ ಬರೆಯಲು ನನಗೆ ಮನಸ್ಸಿಲ್ಲ) ಬಾವಿಕಟ್ಟೆಗೆ ಹೋದರು. ನೀರು ಸೇದುವ ಹೆಂಗಸರೆಲ್ಲ ಸೇರಿದ ಹೊತ್ತು. ಕೊಡ ಕೆಳಗಿಡಿಸಿ, ಕೈಮುಗಿದು, ಹಕೀಮರು ಹೇಳಿದ್ದೇನು, ತಾವು ಕತ್ತರಿಸಿದ್ದೇನು, ಹೆಂಡತಿ ತಮ್ಮ ಮಾತು ನಂಬಿ ಮಾಡಿದ್ದೇನು ಎಂಬುದನ್ನು ಸ್ಪಷ್ಟ ಕನ್ನಡದಲ್ಲಿ, ಒಂದೂ ಬಿಡದೆ ಹೇಳಿದರು. “ನೀರು ಕೊಡದಾಂವ ನಾನ್ರವ್ವಾ, ಅಕಿ ಅಲ್ಲ,” ಎಂದರು. ಅವರ ತಪ್ಪಿನ ಕಥೆ ನಮಗೆ ತಿಳಿದಿರುವುದು ಹೀಗೆ. ಉಗಿದವರು ಉಗಿದರು. ಅವರು ಒರೆಸಿಕೊಂಡು ಮನೆಗೆ ಬಂದರು. ಭ್ರಮರಾಂಬಮ್ಮನವರಿಗೆ ಮುಂದೆ ಹುಸೇನಬಿ ಕನ್ನಡ ಕಲಿಸಿದಳು, ಅರ್ಧ ಉರ್ದು ಬೆರೆಸಿ. ಕೇಳಿದವರು ನಗುತ್ತಿದ್ದರು, ಆಕೆಯೂ ನಗುತ್ತಿದ್ದರು.

ಕಚೇರಿಯ ಕೆಲಸ ಹೆಚ್ಚು ದಿನ ಉಳಿಯಲಿಲ್ಲ. ಅರ್ಧ ತಾಸು ಅತ್ತವರ ಮಾತನ್ನು ಅರ್ಧ ತಾಸೇ ಉರ್ದುವಿನಲ್ಲಿ ಹೇಳುವ ಮುನ್ಶಿ ಯಾವ ತಹಸೀಲ್ದಾರರಿಗೆ ಬೇಕು? ಕೆಲಸ ಹೋದ ಮೇಲೆ ವಿರೂಪಾಕ್ಷಯ್ಯನವರು ಮರದ ಕೆಳಗೆ ಕುಳಿತು ಬಡವರ ಅರ್ಜಿ ಬರೆದುಕೊಟ್ಟು ಬದುಕಿದರು. ಅವರು ಬರೆದ ಅರ್ಜಿಗಳು ಬಹಳ ಉದ್ದವಾಗಿರುತ್ತಿದ್ದವಂತೆ.

ತಿಪ್ಪವ್ವತಾಯಿಯವರು ಲಿಂಗೈಕ್ಯರಾದ ಮೇಲೆ ಜನ ಪವಾಡಗಳನ್ನು ಹುಡುಕಿಕೊಂಡು ವಿರೂಪಾಕ್ಷಯ್ಯನವರ ಬಳಿಗೆ ಬಂದರು. ಬಂದವರೆಲ್ಲ ಕೇಳಿದ್ದು ಒಂದನ್ನೇ: ಆ ಸೋಮವಾರ ಗೂಟ ಹಿಡಿದು ಭ್ರಮರಾಂಬಮ್ಮನವರು ನಿಮಗೆ ಹೇಳಿದ್ದೇನು? ಕ್ಷಮಿಸಿದರೋ, ಶಪಿಸಿದರೋ? ಮಠದವರು ಕೇಳಿದರು, ಚರಿತ್ರೆ ಬರೆಯುವವರು ಕೇಳಿದರು, ಸ್ವಂತ ಅಣ್ಣತಮ್ಮಂದಿರು ಕೇಳಿದರು. ಅಂದು ಆ ಅಂಗಳದಲ್ಲಿ ಕಿವಿಯಿದ್ದವರು ಹದಿನೈದು ಜನ, ತಿಳಿದವರು ಒಬ್ಬರೇ. ಆರು ಭಾಷೆ ಬಲ್ಲ ಆ ಮಹಾನುಭಾವರು ತಮ್ಮ ಕೊನೆಯುಸಿರಿನ ತನಕ ಅದನ್ನು ಇನ್ನೊಂದು ಭಾಷೆಗೆ ತರಲಿಲ್ಲ.